ಗೋಡೆ ಬದಿಯ ಜಾಗ

ಜಯಲತಾ ಟೀಚರ್ ಆ ವರ್ಷ ಲೆಂಟ್ ಕಾಲಕ್ಕೆ ಅಹಂಕಾರ ಬಿಟ್ಟರು.

ಬಿಟ್ಟದ್ದನ್ನು ಮನೆಯವರನ್ನೆಲ್ಲ ಕೂರಿಸಿಕೊಂಡು ಹೇಳಿಯೇ ಬಿಟ್ಟರು. ಡೊಂಬಿವಲಿ ಪೂರ್ವದ ಆ ಫ್ಲ್ಯಾಟಿನಲ್ಲಿ ಪ್ರತಿ ವರ್ಷ ಲೆಂಟ್ ಉಪವಾಸ ಶುರುವಾಗುವ ಬೂದಿ ಬುಧವಾರದ ಸಂಜೆ ಇದೊಂದು ಕ್ರಮ. ಈಸ್ಟರ್ ಬರುವವರೆಗೆ ಯಾರು ಏನು ಬಿಡುತ್ತಾರೆಂದು ಊಟದ ಮೇಜಿನಲ್ಲಿ ಒಬ್ಬೊಬ್ಬರಾಗಿ ಹೇಳಬೇಕು. ಟೀಚರ ಗಂಡ ಜಯಶೀಲ ಸಕ್ಕರೆ ಎಂದರು. ಅದನ್ನು ಡಾಕ್ಟರು ದೀಪಾವಳಿಗೇ ಬಿಡಿಸಿದ್ದರು. ಮಗ ಅಕ್ಷಿತ್ ಸ್ಟೇಷನ್ನಿನ ವಡಾಪಾವ್ ಎಂದ. ಕಾಲೇಜಿಗೆ ಹೋಗುವ ಮಗಳು ಅಶ್ಮಿತಾ ಮೊಬೈಲಿನಿಂದ ತಲೆ ಎತ್ತದೆ, "ಮೈ ರೀಲ್ಸ್. ಸಂಡೇ ಛೋಡ್‌ ಕೇ," ಎಂದಳು.

"ನಂದೇನದ ರೀ ಬಿಡಾಕ? ನಿದ್ದಿ ಆಗಲೇ ಬಿಟ್ಟು ಹೋಗ್ಯದ," ಎಂದಳು ಸೊಸೆ ದಾನಮ್ಮ. ಅವಳ ಮಡಿಲಲ್ಲಿ ಐದು ತಿಂಗಳ ಮಗಳು ಚಿನ್ನಿ ಅಮ್ಮನ ಸರವನ್ನು ಜಗಿಯುತ್ತಿದ್ದಳು.

ಇನ್ನು ಉಳಿದದ್ದು ಟೀಚರ್. ಅವರು ವರ್ಷಾ ವರ್ಷ ಟೀ ಬಿಡುವವರು. ನಲವತ್ತು ದಿನ ತಲೆನೋವಿನಲ್ಲಿ ಎಲ್ಲರ ಮೇಲೂ ಹಾಯುವವರು.

"ಈ ಸಲ ನಾನು ಟೀ ಬಿಡುವುದಿಲ್ಲ," ಎಂದರು. ಎಲ್ಲರಿಗೂ ಜೀವ ಬಂತು. "ಅಹಂಕಾರ ಬಿಡ್ತೇನೆ."

ಸಾರು ಬಡಿಸುತ್ತಿದ್ದ ಜಯಶೀಲರ ಸೌಟು ಅಲ್ಲೇ ನಿಂತಿತು. "ಟೀ ಸುಲಭ ಇತ್ತಲ್ವಾ ಲತಾ?"

"ಸುಲಭದ್ದು ಬಿಟ್ಟು ಎಂತ ಪ್ರಯೋಜನ? ಚರ್ಚಿನ ಅಯ್ಯನವರು ಈ ಸಲ ದೀನತೆಯ ಮೇಲೆಯೇ ಪ್ರಸಂಗ ಮಾಡ್ತಾರಂತೆ. ನಾನು ಮೊದಲೇ ಶುರು ಮಾಡುದು ಅಂತ."

"ಕ್ಲಾಸ್ ಚಾಲೂ ಹೋನೇ ಸೇ ಪೆಹಲೇ ಹೋಮ್‌ವರ್ಕ್," ಎಂದಳು ಅಶ್ಮಿತಾ. ಬೇರೆ ದಿನವಾಗಿದ್ದರೆ ಅವಳಿಗೆ ತಕ್ಕ ಉತ್ತರ ಸಿಗುತ್ತಿತ್ತು. ಅವತ್ತು ಅತ್ತೆ ಕಣ್ಣು ಮುಚ್ಚಿ ಉಸಿರೆಳೆದು, ನಕ್ಕರು. ಇದು ಎಲ್ಲಿಗೆ ಹೋಗಿ ಮುಟ್ಟೀತು ಎಂದು ದಾನಮ್ಮನಿಗೆ ಅವತ್ತಿನಿಂದಲೇ ಕುತೂಹಲ ಹತ್ತಿತು.

ದಾನಮ್ಮ ತುರ್ಭೆಯಲ್ಲಿ ಬೆಳೆದವಳು. ಅಪ್ಪ ಮಾಪಣ್ಣ ಕಲಬುರಗಿ ಕಡೆಯಿಂದ ಬಂದು ಗೋದಾಮಿನಲ್ಲಿ ಮೂಟೆ ಹೊತ್ತು, ಅವಳು ಶಾಲೆಯಲ್ಲಿರುವಾಗಲೇ ತೀರಿಕೊಂಡ. ತಾಯಿ ಮರಗಮ್ಮ ತರಕಾರಿ ಪ್ಯಾಕ್ ಮಾಡುವ ಕಾರ್ಖಾನೆಯಲ್ಲಿ ದುಡಿದು ಮಗಳನ್ನು ನರ್ಸ್ ಮಾಡಿಸಿದಳು. ಅಕ್ಷಿತ್‌ನ ಪರಿಚಯವಾದದ್ದು ಠಾಣೆಯ ಕನ್ನಡ ಕ್ರೈಸ್ತ ಸಭೆಯಲ್ಲಿ, ಇಬ್ಬರೂ ಸಂಡೇ ಸ್ಕೂಲಿನಲ್ಲಿ ಪಾಠ ಮಾಡುವಾಗ. ಮಂಗಳೂರು ಕಡೆಯ ಹಳೆಯ ಕ್ರೈಸ್ತ ಮನೆತನದ ಜಯಲತಾ ಟೀಚರ್ ಮದುವೆಗೆ ಒಂದು ಮಾತೂ ಅಡ್ಡ ಆಡಲಿಲ್ಲ. "ನಮ್ಮಲ್ಲಿ ಭೇದ ಇಲ್ಲ," ಎಂದು ಹೋದ ಮನೆಯಲ್ಲೆಲ್ಲ ಹೇಳಿದರು. ಎಷ್ಟು ಸಲ ಹೇಳಿದರೆಂದರೆ, ಭೇದ ಇದೆ ಎಂದು ದಾನಮ್ಮನಿಗೆ ಗೊತ್ತಾದದ್ದೇ ಆಗ. ಬೀಗತಿಯ ಮನೆಗೆ ಮಾತ್ರ ಅವರು ಒಮ್ಮೆಯೂ ಹೋಗಿರಲಿಲ್ಲ. "ಬರ್ಬೇಕು, ಒಮ್ಮೆ ಬರ್ಬೇಕು," ಎನ್ನುತ್ತಲೇ ಎರಡು ವರ್ಷ ಕಳೆದಿತ್ತು.

ಆದರೂ ಈಗ ಅಹಂಕಾರ ಬಿಟ್ಟಿದ್ದರಲ್ಲ. ಮನೆಯಲ್ಲಿ ಅದರ ಬಿಸಿ ತಟ್ಟಲು ಒಂದು ವಾರ ಸಾಕಾಯಿತು.

ಅತ್ತೆ ಎಲ್ಲರ ಊಟ ಮುಗಿಯುವವರೆಗೆ ಕೂರುವುದಿಲ್ಲ. ಗೋಡೆಗೆ ಒರಗಿ ನಿಂತು ಒಬ್ಬೊಬ್ಬರ ತುತ್ತು ನೋಡುತ್ತಾರೆ. ಜಯಶೀಲರು, "ಕೂತ್ಕೊಳ್ಳೆ ಮಾರಾಯ್ತಿ, ಗಂಟಲಲ್ಲಿ ಇಳಿಯುದಿಲ್ಲ ನಂಗೆ," ಎಂದರೆ, "ನೀವು ತಿನ್ನಿ, ನಾನು ಕೊನೆಗೆ," ಎನ್ನುತ್ತಾರೆ. ಪಾತ್ರೆ ತಿಕ್ಕುವ ಕೆಲಸದಾಕೆ ಬರುವುದಕ್ಕೆ ಮೊದಲೇ ಪಾತ್ರೆ ತಿಕ್ಕಿಟ್ಟು, ಆಕೆ "ಮ್ಯಾಡಮ್, ಮುಝೇ ನಿಕಾಲ್ನಾ ಹೈ ಕ್ಯಾ?" ಎಂದು ಕೆಲಸ ಹೋಗುವ ಗಾಬರಿಯಲ್ಲಿ ಅಳುವ ಹಾಗೆ ಮಾಡಿದರು. ಅಪ್ಪಣೆ ಕೊಡುವುದು ನಿಂತಿರಲಿಲ್ಲ, ಅದಕ್ಕೊಂದು ಮುನ್ನುಡಿ ಸೇರಿಕೊಂಡಿತ್ತು ಅಷ್ಟೇ. "ನಂಗೆಂತ ಗೊತ್ತು ದಾನಮ್ಮ, ನಾನೇನೂ ತಿಳಿಯದವಳು. ಆದ್ರೆ ಮಗುವಿಗೆ ಟೋಪಿ ಹಾಕು."

"ಮೂಗಿಗಿಂತ ಮೂಗುತಿ ಭಾರ ಆಯ್ತು," ಎಂದು ಜಯಶೀಲರು ಸೊಸೆಯ ಕಿವಿಯಲ್ಲಿ ಗೊಣಗಿದರು.

ಇನ್ನೊಂದು ಬಂಗುಡೆ ಮೀನಿನದು. ಆ ಮನೆಯಲ್ಲಿ ಬಂಗುಡೆ ಹುರಿದರೆ ಬಾಲದ ತುಂಡು ದಾನಮ್ಮನಿಗೆ. ಬಂದ ಹೊಸದರಲ್ಲಿ ಸಂಕೋಚಕ್ಕೆ ಬಾಲ ತೆಗೆದುಕೊಂಡಳು. ಅದು ಗರಿಗರಿಯಾಗಿ ನಾಲಿಗೆಗೆ ಹತ್ತಿ, ಆಮೇಲೆ ಅದೇ ಬೇಕೆನಿಸಿತು. ಈಗ ಅತ್ತೆ ಮೊದಲು ಬಾಲಕ್ಕೇ ಕೈ ಹಾಕುತ್ತಿದ್ದರು. "ನಂಗೆ ಬಾಲ ಸಾಕು. ನಡುವಿನದ್ದು ನೀನು ತಿನ್ನು. ಹಾಲು ಕುಡಿಸುವವಳು." ದಾನಮ್ಮ ನಡುವಿನ ತುಂಡನ್ನು ಮುಳ್ಳು ಬಿಡಿಸಿ ತಿಂದಳು. ಏನೆಂದು ಹೇಳುವುದು? ನಿಮ್ಮ ದೀನತೆಯಿಂದ ನನ್ನ ಬಾಲ ಹೋಯಿತು ಎನ್ನಲೇ?

ಲೆಂಟ್‌ನ ಮೊದಲ ಭಾನುವಾರ ಅಯ್ಯನವರ ಪ್ರಸಂಗ ಆಯಿತು. ಹಬ್ಬದ ಊಟಕ್ಕೆ ಕರೆದರೆ ಮೇಲಿನ ಜಾಗ ಹಿಡಿಯಬೇಡಿ, ಕೊನೆಯಲ್ಲಿ ಹೋಗಿ ಕೂತುಕೊಳ್ಳಿ ಎನ್ನುವ ಮಾತಿನ ಮೇಲೆ. ಹೊಸದಾಗಿ ಬಂದ ಎಳೆಯ ವಯಸ್ಸಿನ ಅಯ್ಯನವರು, ಚೆನ್ನಾಗಿಯೇ ಹೇಳಿದರು. ಮುಂದಿನ ಭಾನುವಾರ ಜಯಲತಾ ಟೀಚರ್ ಅದನ್ನು ಅಕ್ಷರಶಃ ಮಾಡಿದರು.

ಆ ಸಭೆ ಕೂಡುವುದು ಬಾಡಿಗೆಗೆ ಹಿಡಿದ ಒಂದು ಶಾಲೆಯ ಹಾಲಿನಲ್ಲಿ. ಕರಾವಳಿಯವರು ಮುಂದೆ, ಕಲಬುರಗಿ, ರಾಯಚೂರು ಕಡೆಯವರು ಹಿಂದೆ. ಯಾರೂ ಹಾಗೆಂದು ಗೆರೆ ಎಳೆದಿರಲಿಲ್ಲ, ಅಭ್ಯಾಸದಲ್ಲಿ ಬಂದದ್ದು. ಟೀಚರ ಜಾಗ ಮೂರನೇ ಬೆಂಚು. ಅಲ್ಲಿಂದ ಅವರು ಹಾಡು ಎತ್ತಿದರೆ ಸಭೆ ಎದ್ದು ನಿಲ್ಲುತ್ತಿತ್ತು. ಕೀಬೋರ್ಡಿನ ಹಿತೇಶ್ ಅವರ ಶ್ರುತಿ ಹುಡುಕಿಕೊಂಡು ಬರುತ್ತಿದ್ದ. ಅವತ್ತು ಅವರು ಗಂಡ, ಮಗ, ಸೊಸೆಯನ್ನು ಮೂರನೇ ಬೆಂಚಿನಲ್ಲಿ ಬಿಟ್ಟು, ನೇರ ಹಿಂದೆ ನಡೆದು, ಬಾಗಿಲ ಪಕ್ಕದ ಕೊನೆಯ ಬೆಂಚಿನಲ್ಲಿ ಗೋಡೆ ಬದಿಗೆ ಕೂತರು.

ಅದು ಮರಗಮ್ಮನ ಜಾಗ.

ಮರಗಮ್ಮ ಬಂದು ನೋಡುತ್ತಾಳೆ, ತನ್ನ ಜಾಗದಲ್ಲಿ ಬೀಗತಿ ಕೈ ಜೋಡಿಸಿ ಕೂತಿದ್ದಾರೆ. "ನಾನು ಇಲ್ಲೇ ಕೂತ್ಕೊಳ್ತೇನೆ ಮರಗಮ್ಮ. ನೀವು ಮುಂದೆ ಹೋಗಿ. ನನ್ನ ಜಾಗದಲ್ಲೇ ಕೂತ್ಕೊಳ್ಳಿ," ಎಂದರು ಟೀಚರ್, ಎಂಟು ಬೆಂಚಿಗೆ ಕೇಳುವ ಹಾಗೆ. ಮರಗಮ್ಮ, "ಬ್ಯಾಡ್ರಿ ಅಕ್ಕಾರ," ಎಂದು ಎರಡು ಸಲ ಹೇಳಿ, ಎಲ್ಲರೂ ತಿರುಗಿ ನೋಡುತ್ತಿದ್ದಾರೆಂದು ತಲೆ ತಗ್ಗಿಸಿ ಮುಂದೆ ಹೋದಳು.

ಅವ್ವ ಬಂದು ಪಕ್ಕದಲ್ಲಿ ಕೂತಾಗ ದಾನಮ್ಮನ ಎದೆ ಉಬ್ಬಿತು. ತುರ್ಭೆಯ ಮರಗಮ್ಮ ಮೂರನೇ ಬೆಂಚಿನಲ್ಲಿ! ಅವ್ವನಿಗೆ ಆ ಗೋಡೆ ಯಾಕೆ ಬೇಕೆಂದು ಗೊತ್ತಿದ್ದವಳೇ, ಆ ಸಂತೋಷದಲ್ಲಿ ಮರೆತುಬಿಟ್ಟಳು.

ಅಯ್ಯನವರಿಗೆ ಕಣ್ಣು ತುಂಬಿ ಬಂತು. "ನಮ್ಮ ಟೀಚರ್ ಪ್ರಸಂಗ ಕೇಳಿ ಮನೆಗೆ ಹೋಗಲಿಲ್ಲ. ಮಾಡಿ ತೋರಿಸಿದರು," ಎಂದು ವೇದಿಕೆಯಿಂದಲೇ ಹೊಗಳಿದರು. ಟೀಚರ್ ಕೆಳಗೆ ನೋಡಿದರು. ಅವತ್ತು ಹಾಡು ಮಾತ್ರ ದಿಕ್ಕು ತಪ್ಪಿತು. ಹಿತೇಶ್ ಒಂದು ಕಡೆ, ಸಭೆ ಇನ್ನೊಂದು ಕಡೆ.

ಹೊಗಳಿಕೆ ಎಂದರೆ ಸಾಮಾನ್ಯವೇ? ಮೂರನೇ ಭಾನುವಾರ ರಮಿತಾ ಆಂಟಿ ಹಿಂದಕ್ಕೆ ಹೋದರು. ಅವರನ್ನು ನೋಡಿ ಸಭೆಯ ಹಿರಿಯ ಅಂಬರೀಶರು ಸಂಸಾರ ಸಮೇತ ಹೋದರು. ನಾಲ್ಕನೇ ಭಾನುವಾರಕ್ಕೆ ಹಿಂದಿನ ಬೆಂಚು ಹಿಡಿಯಲು ಜನ ಬೇಗ ಬರತೊಡಗಿದರು. ಲೋಕಲ್ ಟ್ರೈನಿನಲ್ಲಿ ಹಾಕುವ ಹಾಗೆ ಕರ್ಚೀಫು ಹಾಕಿ ಜಾಗ ಹಿಡಿದರು. "ಇದು ನಮ್ಮವರಿಗೆ ಇಟ್ಟದ್ದು," "ಅಯ್ಯೋ, ನೀವು ಮುಂದೆ ಹೋಗಿ," "ಇಲ್ಲ ಇಲ್ಲ, ನೀವೇ ಮುಂದೆ ಹೋಗಿ," ಎಂದು ಬಾಗಿಲಲ್ಲೇ ಸಣ್ಣ ಜಗಳ. ತುರ್ಭೆ, ಕೋಪರ್‌ಖೈರಣೆಯಿಂದ ರಾತ್ರಿಪಾಳಿ ಮುಗಿಸಿ ಬರುವ ನಾಲ್ಕಾರು ಹೆಣ್ಣುಮಕ್ಕಳು ಎಲ್ಲಿ ಕೂರಬೇಕೆಂದು ತಿಳಿಯದೆ ಖಾಲಿ ಬಿದ್ದ ಮುಂದಿನ ಬೆಂಚುಗಳಲ್ಲಿ, ಮದುವೆ ಮನೆಯಲ್ಲಿ ತಪ್ಪಿ ವೇದಿಕೆ ಹತ್ತಿದವರಂತೆ ಕೂತರು.

ಅವತ್ತೇ ಆದದ್ದು ಅದು. ದಾನಮ್ಮ ಮಗುವಿಗೆ ಹಾಲೂಡಿಸಲು ಪಕ್ಕದ ತರಗತಿಗೆ ಹೋಗಿದ್ದಳು. ತಿರುಗಿ ಬಾಗಿಲಿಗೆ ಬರುವಾಗ ಪ್ರಸಂಗ ನಡೆಯುತ್ತಿತ್ತು, ಅದರ ಜೊತೆಗೇ ಗರಗಸ ಎಳೆದ ಹಾಗೆ ಒಂದು ಸದ್ದು. ಮೂರನೇ ಬೆಂಚಿನಲ್ಲಿ ಅವ್ವ ಕತ್ತು ಹಿಂದಕ್ಕೆ ಚೆಲ್ಲಿ, ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದಳು. ಅಂಬರೀಶರು ಹಿಂದಿನಿಂದ ಎದ್ದು ಬಂದು ಭುಜ ಅಲುಗಿಸಿದರು. ಮರಗಮ್ಮ ದಡಬಡಿಸಿ ಎದ್ದು, ಚೀಲ ಬಾಚಿಕೊಂಡು, ಇಡೀ ಸಭೆಗೆ ಕೇಳುವ ಹಾಗೆ, "ತುರ್ಭೆ ಬಂತೇನ್ರಿ?" ಎಂದಳು.

ನಗು ಒಡೆಯಿತು. ಕೆಟ್ಟದ್ದಕ್ಕೆ ನಕ್ಕವರಲ್ಲ, ಅಯ್ಯನವರೂ ನಕ್ಕರು. ಮರಗಮ್ಮ ಸೆರಗು ಬಾಯಿಗಿಟ್ಟುಕೊಂಡು ಕೂತಳು. ಆಶೀರ್ವಾದಕ್ಕೂ ನಿಲ್ಲದೆ ಹೋದಳು. ಮುಂದಿನ ಭಾನುವಾರ ಬರಲಿಲ್ಲ.

ಫೋನ್ ಮಾಡಿದರೆ, "ಡ್ಯೂಟಿ ಇತ್ತವಾ," ಎಂದಳು. ದಾನಮ್ಮ ಮಗುವನ್ನು ಎತ್ತಿಕೊಂಡು ತುರ್ಭೆಗೆ ಹೋದಳು. ಹಳಿಯಾಚೆಯ ಚಾಳಿನಲ್ಲಿ ಅದೇ ಒಂದು ಕೋಣೆ. ಅವ್ವ ರೊಟ್ಟಿ ಬಡಿಯುತ್ತಿದ್ದಳು.

"ಸುಳ್ಳ ಹೇಳಬ್ಯಾಡ ಯವ್ವ. ಭಾನುವಾರ ಮುಂಜಾನೆ ನಿನಗೆಲ್ಲಿ ಡ್ಯೂಟಿ?"

"ಮಂದಿ ನಕ್ಕರ, ನಗಲಿ. ನಕ್ಕರೇನ ಹಲ್ಲ ಉದುರತಾವ?" ಮರಗಮ್ಮ ರೊಟ್ಟಿ ತಿರುವಿದಳು. "ಖರೇ ಹೇಳ್ತೀನಿ ಕೇಳು. ಇಡೀ ರಾತ್ರಿ ನಿಂತ ಕಾಲಾಗ ಬಟಾಣಿ ತುಂಬ್ತೀನಿ. ಸೀದಾ ಚರ್ಚಿಗೆ ಬರ್ತೀನಿ. ಆ ಗ್ವಾಡಿಗೆ ತಲಿ ಹಚ್ಚಿದ್ರ ಪ್ರಾರ್ಥನಾ ಕಿವಿಗೆ ಬೀಳ್ತದ, ನಿದ್ದಿನೂ ಬರ್ತದ. ವಾರಕ್ಕೊಮ್ಮೆ ದೇವರ ಮನ್ಯಾಗ ಅರ್ಧ ತಾಸು ಮಲಗ್ತೀನಿ. ಯಾರೂ ನೋಡ್ತಿದ್ದಿಲ್ಲ. ನಿಮ್ಮ ಅತ್ತಿ ತಮ್ಮ ಜಾಗಾ ಬಿಟ್ರು, ಛಲೋ ಆತು. ನಂದ್ಯಾಕ ತಗೊಂಡ್ರು?"

ದಾನಮ್ಮ ಮಗುವನ್ನು ಅವ್ವನ ಕಡೆ ತಿರುಗಿಸಿದಳು.

"ಈಸ್ಟರಿಗೆ ಚಿನ್ನಿ ದೀಕ್ಷಾಸ್ನಾನ ಅದ ಯವ್ವ. ಅವತ್ತರ ಬರ್ತೀ ಇಲ್ಲೋ?"

ಮರಗಮ್ಮ ಮೊಮ್ಮಗಳ ಕೆನ್ನೆಗೆ ಹಿಟ್ಟಿನ ಬೆರಳು ಮುಟ್ಟಿಸಿದಳು. "ಇಲ್ಲೇ ಪ್ರಾರ್ಥನಾ ಮಾಡ್ತೀನಿ. ನಾ ಬರಂಗಿಲ್ಲ."

ಆ ಸಂಜೆ ದಾನಮ್ಮ ಟ್ರೈನಿನಲ್ಲಿ ಅತ್ತಳು. ಮಗುವಿಗೆ ಇದ್ದದ್ದು ಒಬ್ಬಳೇ ಅಮ್ಮಮ್ಮ. ಆಕೆ ಇಲ್ಲದೆ ಮಗುವಿನ ತಲೆಗೆ ನೀರು ಬೀಳಬೇಕೆ?

ಊಟಕ್ಕೆ ಅವತ್ತೂ ಅತ್ತೆ ಗೋಡೆಗೆ ಒರಗಿ ನಿಂತಿದ್ದರು. ದಾನಮ್ಮ ತುತ್ತು ಕೆಳಗಿಟ್ಟಳು. "ಅವ್ವ ದೀಕ್ಷಾಸ್ನಾನಕ್ಕ ಬರಂಗಿಲ್ಲಂತ ರೀ."

"ಯಾಕೆ?" ಎಂದರು ಟೀಚರ್. "ಅವರನ್ನು ಮುಂದಿನ ಬೆಂಚಿನಲ್ಲಿ ಕೂರಿಸಿದ್ದು ನಾನು. ನನ್ನ ಜಾಗವನ್ನೇ ಕೊಟ್ಟೆ."

"ಅದಕ್ಕೇ ರೀ ಬರಂಗಿಲ್ಲ ಅನ್ನೂದು. ನೀವು ಜಾಗಾ ಕೊಟ್ಟಿದ್ದು ಅಲ್ರಿ. ಆಕಿ ಜಾಗಾ ನೀವು ತಗೊಂಡಿದ್ದು."

ಅಕ್ಷಿತ್, "ದಾನು, ಜಾನೇ ದೇ," ಎಂದ. ಅವಳು ಬಿಡಲಿಲ್ಲ. ಬಟಾಣಿ, ಗೋಡೆ, ನಿದ್ದೆ, ಎಲ್ಲ ಹೇಳಿದಳು. ಹೇಳುತ್ತ ಹೇಳುತ್ತ ಅವಳ ದನಿ ಏರಿತು. ಆ ಮನೆಯಲ್ಲಿ ಅವಳ ದನಿ ಏರಿದ್ದು ಅದೇ ಮೊದಲು.

ಟೀಚರ ಮುಖ ಕೆಂಪಾಯಿತು. ತಿಂಗಳಿಂದ ಒತ್ತಿ ಹಿಡಿದದ್ದೆಲ್ಲ ಒಮ್ಮೆಲೇ ಬಂತು. "ಅಂದ್ರೆ ತಪ್ಪು ನಂದಾ? ಮೂವತ್ತು ವರ್ಷ ಕೂತ ಜಾಗ ಬಿಟ್ಟು ಆ ಬಾಗಿಲ ಹತ್ರ, ಆ ಚಪ್ಪಲಿಗಳ ವಾಸನೆಯಲ್ಲಿ ಹೋಗಿ ಕೂತೆ! ಈ ಮನೆಯಲ್ಲಿ ತಂಗಳು ತಿಂದೆ, ಪಾತ್ರೆ ತಿಕ್ಕಿದೆ, ನಿಮ್ಮ ಒಬ್ಬೊಬ್ಬರ ಮಾತು ನುಂಗಿದೆ! ಇಷ್ಟು ತಗ್ಗಿದ್ದಕ್ಕೆ ನಂಗೆ ಸಿಕ್ಕಿದ್ದು ಇದಾ?"

ಅಶ್ಮಿತಾ ಮೆಲ್ಲಗೆ, "ಲೋ, ವಾಪಸ್ ಆ ಗಯಾ ಅಹಂಕಾರ್," ಎಂದಳು. ಯಾರೂ ನಗಲಿಲ್ಲ.

ಜಯಶೀಲರು ಕೈ ತೊಳೆದು ಬಂದು ಹೆಂಡತಿಯ ಎದುರು ನಿಂತರು. ಅವರು ಜಗಳದಲ್ಲಿ ಬಾಯಿ ಹಾಕುವವರೇ ಅಲ್ಲ. "ನೀನು ತಗ್ಗಿದ್ದು ಸುಳ್ಳಲ್ಲ ಲತಾ. ಆದ್ರೆ ತಗ್ಗುವಾಗ ಕೆಳಗೆ ಯಾರಾದ್ರೂ ಕೂತಿದ್ದಾರಾ ಅಂತ ಒಮ್ಮೆ ನೋಡ್ಬೇಕಿತ್ತು."

ಟೀಚರ್ ಊಟ ಮಾಡದೆ ಮಲಗಿದರು.

ಎರಡು ದಿನ ಮನೆಯಲ್ಲಿ ಅಪ್ಪಣೆಯೂ ಇಲ್ಲ, ಮುನ್ನುಡಿಯೂ ಇಲ್ಲ. ಮಗುವಿಗೆ ಟೋಪಿ ಹಾಕು ಎನ್ನುವವರೂ ಇಲ್ಲದೆ ದಾನಮ್ಮನಿಗೆ ಕಿವಿ ಭಣಭಣ ಎನ್ನತೊಡಗಿತು. ಸಿಟ್ಟು ಹೋಗಿರಲಿಲ್ಲ, ಆದರೂ ಕುತೂಹಲ ಅದಕ್ಕಿಂತ ದೊಡ್ಡದಾಗಿತ್ತು. ಈ ಹೆಂಗಸು ಈಗ ಏನು ಮಾಡೀತು?

ಮೂರನೆಯ ದಿನ ಬಟ್ಟೆ ಮಡಚುತ್ತಿರುವಾಗ ಅತ್ತೆ ಬಂದು ಪಕ್ಕದಲ್ಲಿ ಕೂತರು. ಮಗುವಿನ ಲಂಗೋಟಿಯೊಂದನ್ನು ಎತ್ತಿ ಮಡಚಿದರು.

"ಬಟಾಣಿ ತುಂಬುವಾಗ ಕೂತ್ಕೊಳ್ಳಿಕ್ಕೆ ಬಿಡುದಿಲ್ವಾ?"

"ಇಲ್ರಿ. ಬೆಲ್ಟ್ ಓಡ್ತಿರ್ತದ. ನಿಂತೇ ಮಾಡಬೇಕು."

"ಕೈಗೆ ತಣ್ಣಗೆ ಆಗುದಿಲ್ವಾ?"

"ಬೆರಳು ಮರಗಟ್ತಾವ್ರಿ. ಮುಂಜಾನೆ ಚಾ ಕಪ್ಪು ಹಿಡಿದ್ರ ಬಿಸಿ ಗೊತ್ತಾಗೂದಿಲ್ಲಂತ."

"ಮತ್ತೆ ಅಲ್ಲಿಂದ ನೇರ ಚರ್ಚಿಗೆ ಬರುದಾ? ಮನೆಗೆ ಹೋಗಿ ಮಲಗ್ಬಹುದಲ್ಲ?"

"ಮನ್ಯಾಗ ಮಲಗಿದ್ರ ಏಳೂದಿಲ್ಲಂತ್ರಿ ಆಕಿ. ಚರ್ಚ್ ತಪ್ತದ."

ಟೀಚರ್ ಲಂಗೋಟಿಯನ್ನು ಬಿಚ್ಚಿ ಮತ್ತೆ ಮಡಚಿದರು. ಎರಡು ವರ್ಷದಲ್ಲಿ ಅವ್ವನ ಬಗ್ಗೆ ಅತ್ತೆ ಕೇಳಿದ ಮೊದಲ ಪ್ರಶ್ನೆಗಳು ಇವು ಎಂದು ದಾನಮ್ಮನಿಗೆ ಆಮೇಲೆ ಹೊಳೆಯಿತು. ಉತ್ತರ ಕೇಳುವಾಗ ಅವರ ಮುಖ ಸಣ್ಣ ಹುಡುಗಿಯ ಮುಖದ ಹಾಗಿತ್ತು. ನಿಜಕ್ಕೂ ಗೊತ್ತಿಲ್ಲದೆ ಕೇಳುವವರ ಮುಖ.

"ನಾಳೆ ತುರ್ಭೆಗೆ ಹೋಗುವ," ಎಂದರು.

ಹೋದರು. ಟೀಚರ್ ದಾರಿಯುದ್ದಕ್ಕೂ ತುಟಿ ಅಲುಗಿಸುತ್ತಿದ್ದರು. ಏನೋ ಬಾಯಿಪಾಠ ನಡೆದಿತ್ತು. ಚಾಳಿನ ಬಾಗಿಲಲ್ಲಿ ಮರಗಮ್ಮ ನಿದ್ದೆಗಣ್ಣಲ್ಲಿ ನಿಂತದ್ದೇ ಶುರು ಮಾಡಿದರು. "ಮರಗಮ್ಮ, ನಾನು ಅಲ್ಪಳು, ಪಾಪಿ. ನನ್ನ ಅಹಂಕಾರದಿಂದ..."

"ಅಕ್ಕಾರ, ಒಳಗ ಬರ್ರಿ ಮದಲ. ಮಂದಿ ನೋಡ್ತಾರ," ಎಂದು ಮರಗಮ್ಮ ಅವರ ಕೈ ಹಿಡಿದು ಎಳೆದುಕೊಂಡಳು. "ಉಣ್ರಿ. ಆಮ್ಯಾಲ ಪಾಪದ್ದು ನೋಡೂಣು."

ಬಿಸಿ ಜೋಳದ ರೊಟ್ಟಿ, ಪುಂಡಿಪಲ್ಯ, ಹಸಿಖಾರ. ಟೀಚರ್ ಒಂದು ತುತ್ತು ತಿಂದು ಹಾ ಹಾ ಎಂದು ಕಣ್ಣೊರೆಸಿಕೊಂಡರು. ನೀರು ಕುಡಿದು ಮತ್ತೆ ತಿಂದರು. "ಖಾರ ಉಂಟು," ಎಂದರು. ಮತ್ತೊಂದು ರೊಟ್ಟಿ ಕೇಳಿ ಹಾಕಿಸಿಕೊಂಡರು. ಬಾಯಿಪಾಠ ಎಲ್ಲಿ ಹೋಯಿತೋ, ಹೋಗಿತ್ತು.

"ನಾನು ಕೇಳ್ದೇ ಕೂತೆ ಮರಗಮ್ಮ," ಎಂದರು, ಬೆರಳು ನೆಕ್ಕುತ್ತ. "ಅದು ಯಾರದ್ದಾದ್ರೂ ಜಾಗ ಇರ್ಬಹುದು ಅಂತ ನಂಗೆ ತಲೆಗೇ ಹೋಗ್ಲಿಲ್ಲ. ಖಾಲಿ ಅಂತ ಗ್ರಹಿಸಿದೆ."

"ಹೂಂ," ಎಂದಳು ಮರಗಮ್ಮ. "ನಮ್ಮ ಜಾಗಾ ಎಲ್ಲಾರಿಗೂ ಖಾಲಿನೇ ಕಾಣ್ತದ್ರಿ."

"ಈಗ ಎಂತ ಮಾಡ್ಲಿ? ಅಯ್ಯನವರಿಗೆ ಹೇಳ್ತೇನೆ. ಸಭೆಗೆ ವಿವರಿಸಿ ಹೇಳಿಸ್ತೇನೆ."

ಮರಗಮ್ಮ ಎರಡೂ ಕೈ ಮುಗಿದಳು. "ದೇವರಾಣಿ ಬ್ಯಾಡ್ರಿ! 'ಪಾಪ, ಆಕಿ ದಣಿದಿರ್ತಾಳ' ಅಂತ ಅವರು ಮತ್ತೊಂದು ಪ್ರಸಂಗ ಮಾಡ್ತಾರ. ಮಂದೆಲ್ಲ ತಿರುಗಿ ನೋಡ್ತಾರ. ನನ್ನ ಹೆಸರು ಎಲ್ಲೂ ಎತ್ತಬ್ಯಾಡ್ರಿ. ನನಗ ನನ್ನ ಗ್ವಾಡಿ ಬಿಟ್ಟುಕೊಡ್ರಿ, ಸಾಕು. ಅಲ್ಲಿ ಮಂದಿನ್ನ ಕೂಡಿಸಿದವರು ನೀವು. ನೀವೇ ಎಬ್ಬಿಸ್ರಿ."

ತಿರುಗಿ ಬರುವ ಟ್ರೈನಿನಲ್ಲಿ ಟೀಚರ್ ಕಿಟಕಿಯಾಚೆ ನೋಡುತ್ತ ಕೂತರು. ಠಾಣೆ ಬರುವಾಗ, "ಹೆಸರು ಹೇಳದೆ ಅವರನ್ನೆಲ್ಲ ಏಳಿಸುದು ಹೇಗೆ?" ಎಂದರು.

"ಗೊತ್ತಿಲ್ರಿ," ಎಂದಳು ದಾನಮ್ಮ.

"ಹೂಂ. ನಂಗೆ ಗೊತ್ತುಂಟು," ಎಂದರು ಟೀಚರ್, ಹುಳಿ ಕಚ್ಚಿದವರ ಹಾಗೆ ಮುಖ ಮಾಡಿ. ದಾನಮ್ಮ ಮನೆ ಮುಟ್ಟುವವರೆಗೆ ತಲೆ ಕೆಡಿಸಿಕೊಂಡರೂ ಅದು ಏನೆಂದು ತಿಳಿಯಲಿಲ್ಲ.

ಈಸ್ಟರ್ ಬೆಳಿಗ್ಗೆ ಹಾಲ್ ತುಂಬಿ ತುಳುಕುತ್ತಿತ್ತು. ಹಿಂದಿನ ಬೆಂಚುಗಳಲ್ಲಿ ಸೂಜಿ ಬೀಳಲು ಜಾಗವಿಲ್ಲ. ಟೀಚರ್ ಅಂಚಿನ ಬಿಳಿ ಸೀರೆಯುಟ್ಟು, ಗಟ್ಟಿ ಹೆಜ್ಜೆ ಹಾಕುತ್ತ ನೇರ ಮೂರನೇ ಬೆಂಚಿಗೆ ಹೋಗಿ ಕೂತರು. ಕೂತವರು ಎದ್ದು, ಹಿಂದಕ್ಕೆ ತಿರುಗಿ, ಐದನೇ ತರಗತಿಗೆ ಹೇಳುವ ದನಿಯಲ್ಲಿ ಹೇಳಿದರು.

"ರಮಿತಾ, ಅಲ್ಲೆಂತ ಮಾಡ್ತಿದ್ದೀ? ಮುಂದೆ ಬಾ. ಅಂಬರೀಶರೇ, ನೀವೂ ಬನ್ನಿ. ಹಿಂದೆ ಕೂತು ಹಾಡಿದ್ರೆ ಹಾಡು ಹಾಳಾಗ್ತದೆ. ನಂಗೆ ಅಲ್ಲಿ ಏನೂ ಕೇಳುದಿಲ್ಲ, ಕಾಣುದಿಲ್ಲ. ನಂಗೆ ಮೂರನೇ ಬೆಂಚೇ ಬೇಕು. ಬನ್ನಿ ಬನ್ನಿ, ಎಲ್ಲ ನಿಮ್ಮ ನಿಮ್ಮ ಜಾಗಕ್ಕೆ ಬನ್ನಿ!"

ರಮಿತಾ ಆಂಟಿ ಕರ್ಚೀಫು ಎತ್ತಿಕೊಂಡು ಮುಂದೆ ಬರುತ್ತ, ನಗುನಗುತ್ತ ಕೇಳಿದರು. "ಏನು ಟೀಚರ್, ಲೆಂಟ್ ಮುಗಿಯಿತು, ದೀನತೆಯೂ ಮುಗಿಯಿತಾ?"

ಹಾಲೆಲ್ಲ ನಕ್ಕಿತು. ಟೀಚರ ಕಿವಿಯ ತುದಿ ಕೆಂಪಾದದ್ದು ಪಕ್ಕದಲ್ಲಿದ್ದ ದಾನಮ್ಮನಿಗೆ ಕಂಡಿತು. ಇದೋ ಇವರಿಗೆ ಗೊತ್ತಿದ್ದ ದಾರಿ! ಹೇಳಿಬಿಡಬೇಕು, ಎದ್ದು ನಿಂತು ಎಲ್ಲರ ಮುಖಕ್ಕೆ ಹೇಳಿಬಿಡಬೇಕು ಎಂದು ದಾನಮ್ಮ ಬಾಯಿ ತೆರೆದಳು. ಅತ್ತೆ ಅವಳ ಮೊಣಕೈ ಹಿಡಿದು ಒತ್ತಿದರು.

"ಹೌದು ರಮಿತಾ," ಎಂದರು. "ನಂಗೆ ಅದು ಆಗ್ಲಿಲ್ಲ."

ಟೀಚರೇ ಮುಂದೆ ಬಂದ ಮೇಲೆ ಹಿಂದೆ ಕೂತು ಯಾರಿಗೆ ತೋರಿಸಬೇಕು? ಒಬ್ಬೊಬ್ಬರಾಗಿ ಎದ್ದು ಮುಂದೆ ಬಂದರು. ಮುಂದೆ ಕೂತಿದ್ದ ರಾತ್ರಿಪಾಳಿಯ ಹೆಣ್ಣುಮಕ್ಕಳು ಬಿಡುಗಡೆ ಸಿಕ್ಕವರಂತೆ ಹಿಂದಕ್ಕೆ ನಡೆದರು. ಕೊನೆಯ ಬೆಂಚು ಖಾಲಿಯಾಯಿತು.

ಮೊದಲ ಹಾಡು ಎದ್ದಿತು. ಟೀಚರ ದನಿ ಒಂದು ತಿಂಗಳು ಕಟ್ಟಿ ಹಾಕಿದ್ದ ನೀರು ಬಿಟ್ಟ ಹಾಗೆ ಬಂತು. ಹಿತೇಶ್‌ಗೆ ಶ್ರುತಿ ಸಿಕ್ಕಿತು. ಎರಡನೇ ಚರಣಕ್ಕೆ ದಾನಮ್ಮ ಬಾಗಿಲ ಕಡೆ ಕತ್ತು ತಿರುಗಿಸಿದಳು. ಯಾರೂ ಇಲ್ಲ. ಮೂರನೇ ಚರಣಕ್ಕೆ ಮತ್ತೆ ತಿರುಗಿದಳು. ಅವ್ವ ಚಪ್ಪಲಿ ಬಿಟ್ಟು, ಚೀಲ ಕಾಲಡಿ ಇಟ್ಟು, ಗೋಡೆ ಬದಿಗೆ ಸರಿದು ಕೂರುತ್ತಿದ್ದಳು. ದಾನಮ್ಮ ಮುಂದೆ ತಿರುಗಿ ದನಿ ಎತ್ತಿ ಹಾಡಿದಳು.

ಹೆಸರು ಕೇಳಿದಾಗ ಅಕ್ಷಿತ್ "ಜ್ಯೋತ್ಸ್ನಾ" ಎಂದ. ಚಿನ್ನಿಯ ತಲೆಗೆ ನೀರು ಬಿತ್ತು. ಚಿನ್ನಿ ಅಳಲಿಲ್ಲ, ಸೀನಿದಳು. ದಾನಮ್ಮ ಒದ್ದೆ ತಲೆಯ ಮಗುವನ್ನು ಎತ್ತಿಕೊಂಡು, ತನ್ನ ಬೆಂಚನ್ನು ದಾಟಿ, ನಡುವಿನ ದಾರಿಯಲ್ಲಿ ಹಿಂದಕ್ಕೆ ನಡೆದಳು. ಜನರ ತಲೆಗಳು ತಿರುಗತೊಡಗಿದವು. ಅಷ್ಟರಲ್ಲಿ ಟೀಚರ್, ಅಯ್ಯನವರು ಹೇಳುವುದಕ್ಕೆ ಮೊದಲೇ, ಶ್ರುತಿಯನ್ನು ಒಂದು ಮನೆ ಮೇಲೇರಿಸಿ ಮುಂದಿನ ಹಾಡು ಎತ್ತಿಬಿಟ್ಟರು. ಎಲ್ಲರೂ ಗಾಬರಿಯಾಗಿ ಪುಸ್ತಕ ತಡಕಾಡುತ್ತ ಅವರ ಕಡೆ ತಿರುಗಿದರು. ಹಿಂದೆ ಮರಗಮ್ಮ ಮೊಮ್ಮಗಳನ್ನು ಮಡಿಲಿಗೆ ತೆಗೆದುಕೊಂಡದ್ದನ್ನು ಯಾರೂ ನೋಡಲಿಲ್ಲ. ಪ್ರಸಂಗ ಅರ್ಧಕ್ಕೆ ಬರುವಾಗ ಗೋಡೆಗೆ ತಲೆ ಹಚ್ಚಿ ಅಜ್ಜಿ, ಅಜ್ಜಿಯ ಎದೆಗೆ ತಲೆ ಹಚ್ಚಿ ಮೊಮ್ಮಗಳು, ಇಬ್ಬರೂ ನಿದ್ದೆಹೋಗಿದ್ದರು.

ಆರಾಧನೆ ಮುಗಿದು ಬಾಗಿಲಲ್ಲಿ ಅಯ್ಯನವರು ಎಲ್ಲರ ಕೈ ಕುಲುಕುತ್ತಿದ್ದರು. ಟೀಚರ ಕೈಯನ್ನು ಸ್ವಲ್ಪ ಹೊತ್ತು ಹೆಚ್ಚಾಗಿ ಹಿಡಿದುಕೊಂಡು, ಕನಿಕರದಿಂದ ಹೇಳಿದರು. "ಬೇಸರ ಮಾಡಬೇಡಿ ಟೀಚರ್. ದೀನತೆ ಒಂದೇ ಲೆಂಟ್‌ನಲ್ಲಿ ಬರುವುದಲ್ಲ. ಮುಂದಿನ ವರ್ಷ ಮತ್ತೆ ಪ್ರಯತ್ನ ಮಾಡೋಣ."

"ಆಗ್ಲಿ ಅಯ್ಯ," ಎಂದರು ಟೀಚರ್. "ನಂಗೋಸ್ಕರ ಪ್ರಾರ್ಥನೆ ಮಾಡಿ."

ದಾನಮ್ಮ ಹಿಂದೆಯೇ ಇದ್ದಳು. ಆ ಮಾತಿನಲ್ಲಿ ಕೊಂಕಿದೆಯೋ ಎಂದು ಕಿವಿಗೊಟ್ಟಳು. ಇರಲಿಲ್ಲ.

ಮಧ್ಯಾಹ್ನ ಡೊಂಬಿವಲಿಯಲ್ಲಿ ಹಬ್ಬದ ಊಟ. ಮರಗಮ್ಮನೂ ಬಂದಿದ್ದಳು, ಉಂಡವಳೇ ಒಳಕೋಣೆಯಲ್ಲಿ ಮಗುವಿನ ಪಕ್ಕ ಮಲಗಿದ್ದಳು. ಟೀಚರ್ ಎಲ್ಲರ ಜೊತೆಗೇ ಮೇಜಿಗೆ ಕೂತರು. ಜಯಶೀಲರು ಕುರ್ಚಿ ಎಳೆದುಕೊಟ್ಟು, "ಅಬ್ಬಾ, ಇನ್ನು ನಂಗೆ ಗಂಟಲಲ್ಲಿ ಇಳಿಯುತ್ತದೆ," ಎಂದರು. ಹುರಿದ ಬಂಗುಡೆಯ ತಟ್ಟೆ ಬಂತು. ಟೀಚರ ಕೈ ಅಭ್ಯಾಸದಂತೆ ಬಾಲದ ತುಂಡಿನ ಕಡೆ ಹೋಯಿತು. ಅರ್ಧದಲ್ಲಿ ನಿಂತಿತು.

"ದಾನಮ್ಮ, ನಿಂಗೆ ಯಾವ ತುಂಡು?"

ದಾನಮ್ಮ ತಡೆದು, "ಬಾಲ ರೀ," ಎಂದಳು.

"ಬಾಲವಾ? ನಿಂಗೆ ಬಾಲ ಇಷ್ಟವಾ?"

"ಭಾಳ ಇಷ್ಟ ರೀ."

"ಅಯ್ಯೋ ದೇವರೇ! ಇಷ್ಟು ವಾರ ನಾನೇ ತಿಂದೆನಲ್ಲ ಮಾರಾಯ್ತಿ! ನಂಗೆ ಬಾಲ ಸೇರುದೇ ಇಲ್ಲ. ಒಂದು ಮಾತು ಹೇಳ್ಬಾರದಿತ್ತಾ?"

"ನೀವು ಕೇಳಲಿಲ್ಲಲ್ರಿ ಅತ್ತಿ."

ಟೀಚರ್ ಬಾಲದ ತುಂಡನ್ನು ಸೊಸೆಯ ತಟ್ಟೆಗೆ ಹಾಕಿದರು. ತಮಗೆ ನಡುವಿನ ದೊಡ್ಡ ತುಂಡನ್ನೇ ತೆಗೆದುಕೊಂಡರು. ಆಮೇಲೆ ಗಂಡನ ಕಡೆ ತಿರುಗಿ, "ನಿಮ್ಗೆ ಯಾವುದು?" ಎಂದು ಕೇಳಿದರು. ಮೂವತ್ತು ವರ್ಷ ಕೊಟ್ಟದ್ದನ್ನು ತಿಂದ ಜಯಶೀಲರಿಗೆ ಥಟ್ಟನೆ ಉತ್ತರ ಹೊಳೆಯಲಿಲ್ಲ. ತಟ್ಟೆಯನ್ನೇ ನೋಡುತ್ತ ಯೋಚಿಸತೊಡಗಿದರು. ಎಲ್ಲರೂ ಕಾದರು.